ಒಳ್ಳೆ ಎಲೆ ಬಿಸಾಡುವ ವಿದ್ಯೆ

ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದ ದಿನ ನನಗೆ ಯಾವ ತೊಂದರೆಯೂ ಆದದ್ದಿಲ್ಲ. ಒಳ್ಳೆ ಎಲೆ ಬಂದ ದಿನವೇ ಏನಾದರೊಂದು ಆಗುತ್ತದೆ. ಇಷ್ಟು ವರ್ಷ ಸರ್ವೀಸಾದರೂ ಆಗುತ್ತಲೇ ಇದೆ.

ನಾನು ಪಶು ಆಸ್ಪತ್ರೆಯ ನೌಕರ. ಹುದ್ದೆಯ ಹೆಸರು ಉದ್ದಕ್ಕಿದೆ, ಜನ ಕರೆಯುವುದು ದನದ ಡಾಕ್ಟ್ರು ಅಂತ. ಮನೆ ಮಧುಗಿರಿಯಲ್ಲಿ. ಹೆಂಡತಿ ಅಲ್ಲೇ ಹೈಸ್ಕೂಲ್ ಟೀಚರು, ಆಕೆಗೆ ಊರು ಬಿಡುವ ಯೋಗವಿಲ್ಲ. ನನಗೆ ಊರಲ್ಲಿರುವ ಯೋಗವಿಲ್ಲ. ಸರ್ಕಾರ ಕಳಿಸಿದ ಕಡೆಯೆಲ್ಲ ಹೋದೆ, ಹೋದ ಕಡೆಯೆಲ್ಲ ಮೂರೆಲೆ ಆಟ ಸಿಕ್ಕಿತು. ತಲೆಗೆ ಮೂರು ಎಲೆ. ಮೂರೂ ಒಂದೇ ಬಂದರೆ ಅದಕ್ಕಿಂತ ದೊಡ್ಡದಿಲ್ಲ. ಆಮೇಲೆ ಸಾಲಾಗಿ ಬಂದದ್ದು, ಆಮೇಲೆ ಒಂದೇ ಕಲರು, ಆಮೇಲೆ ಜೋಡಿ. ಎಲೆ ಚೆನ್ನಾಗಿದೆ ಅನ್ನಿಸಿದರೆ ಬಾಜಿ ಹಾಕುತ್ತಾ ಹೋಗಬೇಕು, ಇಲ್ಲವಾದರೆ ಬಿಸಾಡಿ ಸುಮ್ಮನೆ ಕೂರಬೇಕು. ಇಬ್ಬರೇ ಉಳಿದಾಗ ತೋರಿಸಬೇಕು. ಇಷ್ಟೇ ಆಟ.

ನಮ್ಮ ಬಾಜಿ ದುಡ್ಡಲ್ಲ, ಕಡಲೆಕಾಯಿ. ಈ ಸೀಮೆಯಲ್ಲಿ ಅದಕ್ಕೇನು ಬರ? ಒಂದು ಸಲಕ್ಕೆ ಎರಡು ಕಾಯಿಗಿಂತ ಹೆಚ್ಚು ಹಾಕುವಂತಿಲ್ಲ. ಅದೂ ಹುರಿಯದ ಒಣ ಕಾಯಿ. ಹುರಿದ ಕಾಯಿ ಇಟ್ಟುಕೊಂಡು ಆಡಿದರೆ ಆಟ ಮುಗಿಯುವ ಹೊತ್ತಿಗೆ ಗೆದ್ದವನ ಮುಂದೆ ಬರೀ ಸಿಪ್ಪೆ ಇರುತ್ತದೆ.

ಕೆಟ್ಟ ಎಲೆ ಬಿಸಾಡುವುದು ಮಗುವಿಗೂ ಬರುತ್ತದೆ. ಒಳ್ಳೆ ಎಲೆ ಕೈಯಲ್ಲಿದ್ದೂ, ಎದುರಿನವರ ಮುಖ ನೋಡಿ, ‘ಇವತ್ತು ಇದು ಸಾಲದು’ ಅಂತ ಬಿಸಾಡುವುದಿದೆಯಲ್ಲ, ಅದು ವಿದ್ಯೆ. ಆ ವಿದ್ಯೆ ಬಾರದೆ ಮೊದಮೊದಲು ಪಾಡು ಪಟ್ಟೆ. ಅತಿಯಾಗಿ ಬಂದು ಆಮೇಲೆ ಪಾಡು ಪಟ್ಟೆ. ಕಡೆಗೆ ನಾನು ಮನೆ ಸೇರುವುದೋ ಬಿಡುವುದೋ ಅನ್ನುವುದೇ ಅದರ ಮೇಲೆ ನಿಂತಿತು.

ಅಜ್ಜಿಯ ಕಣ್ಣು

ಕೆಲಸಕ್ಕೆ ಸೇರಿದ ಹೊಸತು, ಕೊರಟಗೆರೆ. ಕಡಲೆಕಾಯಿ ಮಂಡಿಯ ಹಿಂದಿನ ಪಡಸಾಲೆಯಲ್ಲಿ ರಜಾ ದಿನದ ಆಟ. ಮಂಡಿ ಸಾಹುಕಾರರು, ಪೋಸ್ಟ್ ಮಾಸ್ಟರು, ನಾನು. ನಾಲ್ಕನೆಯವರು ಸಾಹುಕಾರರ ತಾಯಿ. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಎಲೆ ಕೈಗೆ ಬಂದರೆ ಮೂಗಿಗೆ ತಾಗಿಸಿಕೊಂಡು ನೋಡುವರು.

“ಕಣ್ಣೇ ಕಾಣಾಕಿಲ್ಲ ಕಣಪ್ಪ. ಏನೋ ಕೆಂಪಗೆ ಐತೆ, ಕಪ್ಪಗೆ ಐತೆ” ಎನ್ನುವರು. ಅಷ್ಟಾದರೂ ಎರಡು ಕಾಯಿ ಹಾಕುವರು.

ಆವತ್ತು ನನಗೆ ಎಂಟು, ಒಂಬತ್ತು, ಹತ್ತು ಸಾಲಾಗಿ ಬಂತು. ನಾನು ಎರಡು ಕಾಯಿ ಹಾಕಿದೆ. ಅಜ್ಜಿ ಎರಡು ಹಾಕಿದರು. ಸಾಹುಕಾರರು ತಾಯಿಯನ್ನು ಒಂದು ಸಲ ನೋಡಿ ಎಲೆ ಬಿಸಾಡಿದರು. ಪೋಸ್ಟ್ ಮಾಸ್ಟರೂ ಬಿಸಾಡಿ, ನನ್ನ ಮೊಣಕೈ ತಿವಿದು, “ಬಿಟ್ಬುಡಿ ಡಾಕ್ಟ್ರೆ” ಅಂದರು.

ಬಿಡುವುದೇಕೆ? ಸಾಲು ಬಂದಿದೆ. ಎದುರಿಗಿರುವುದು ಕೆಂಪು ಕಪ್ಪು ಬಿಟ್ಟು ಬೇರೇನೂ ಕಾಣದ ಅಜ್ಜಿ. ನಾನು ಹಾಕುತ್ತಾ ಹೋದೆ. ಅಜ್ಜಿಯೂ ಹಾಕುತ್ತಾ ಹೋದರು. ಹೆದರಿಸೋಣ ಅಂತ, “ಅಜ್ಜಿ, ನನ್ನ ಎಲೆ ಭಾರಿ ಚೆನ್ನಾಗಿದೆ” ಎಂದೆ.

“ಇರ್ಲಿ ಬುಡಪ್ಪ. ಎಲ್ಡು ಕಾಯ್ಗೆ ಹೆದ್ರುಕೊಂಡ್ರೆ ಬಾಳಾಟ ಮಾಡಾಕಾಯ್ತದಾ?”

ಮಾತು ಸತ್ಯ. ಬಾಜಿ ಸಣ್ಣದಾದರೆ ಯಾರೂ ಹೆದರುವುದಿಲ್ಲ. ಹಾಗಾಗಿ ಯಾರೂ ಏಳುವುದೂ ಇಲ್ಲ. ನನ್ನ ಮುಂದಿದ್ದ ಗುಡ್ಡೆ ಕರಗುತ್ತಾ ಬಂತು. ತೋರಿಸಿ ಅಂದೆ. ಅಜ್ಜಿ ಎಲೆಗಳನ್ನು ಮಗನ ಕಡೆ ತಳ್ಳಿ, “ಮೂರೂ ಒಂದೇ ತರ ಅವೆ ಕಣ್ಲಾ. ಇದು ಒಳ್ಳೇದಾ ಕೆಟ್ಟದ್ದಾ ನೋಡ್ಲಾ” ಎಂದರು. ಮೂರು ಐದುಗಳು!

ಏನೂ ಕಾಣದ ಮುದುಕಿಗೆ ದೇವರೇ ಕೊಟ್ಟ ಎಲೆ, ನನ್ನದೇನೂ ತಪ್ಪಿಲ್ಲ ಅಂತ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಗುಡ್ಡೆಯನ್ನು ಬಳಿಯುತ್ತಾ, ನಡುವಿನಿಂದ ಒಂದು ಕಾಯಿ ಎತ್ತಿ ನನ್ನ ಕಡೆ ಎಸೆದರು.

“ಇದು ನೀನ್ ಹಾಕಿದ್ದು. ಜೊಳ್ಳು ಐತೆ, ಸಣ್ಣ ತೂತು ಬಿದ್ದೈತೆ. ಬ್ಯಾರೆ ಹಾಕು.”

ಪೊಲೀಸಪ್ಪನ ಮುಖ

ಆಮೇಲೆ ಶಿರಾ. ಯುಗಾದಿಗೆ ನಮ್ಮ ಕಡೆ ಇಸ್ಪೀಟು ಆಡದಿದ್ದರೆ ಹಬ್ಬವೇ ಆಗಲಿಲ್ಲ ಅನ್ನುವವರಿದ್ದಾರೆ. ಬೇವುಬೆಲ್ಲ ತಿಂದು, ಊಟ ಮಾಡಿ, ಹೋಟೆಲಿನವರ ಮನೆಯ ಜಗಲಿ ಮೇಲೆ ಕೂತಿದ್ದೆವು. ಹೋಟೆಲಿನವರು, ಪಕ್ಕದ ಸೈಕಲ್ ಶಾಪಿನ ಸಾಬರು, ನಾನು. ಅಷ್ಟರಲ್ಲಿ ಒಬ್ಬ ಪೊಲೀಸಪ್ಪ ಬಂದ.

“ದುಡ್ಡೆಲ್ಲಿ?”

“ದುಡ್ಡಿಲ್ಲ ಸಾರ್, ಕಡಲೆಕಾಯಿ.”

“ನನ್ ಕಿವೀಗೆ ಹೂ ಇಡ್ಬೇಡ್ರಿ. ಇಷ್ಟು ದೊಡ್ ಮನುಷ್ಯರು ಕಡಲೆಕಾಯಿಗೆ ಕೂತಿದೀರಾ? ಆಡಿ ನೋಡೋಣ. ದುಡ್ಡು ಯಾವಾಗ ಹೊರಗೆ ಬತ್ತದೋ ಅಲ್ಲೀಗಂಟ ನಾನ್ ಇಲ್ಲೇ ನಿಂತಿರ್ತೀನಿ.”

ನಿಂತ. ನಿಂತದ್ದು ನನ್ನ ಬೆನ್ನ ಹಿಂದೆ.

ನನಗೆ ಮೂರು ಗುಲಾಮರು ಬಂದರು. ನಾನು ಮುಖ ಕಲ್ಲು ಮಾಡಿಕೊಂಡೆ. ಹಿಂದಿನಿಂದ “ಅಬ್ಬಬ್ಬಾ!” ಅಂತ ಒಂದು ಉಸಿರು ಕೇಳಿಸಿತು. ಹೋಟೆಲಿನವರು ಎಲೆ ಬಿಸಾಡಿದರು, ಸಾಬರೂ ಬಿಸಾಡಿದರು. ಅಂಥ ಎಲೆಗೆ ಒಂದು ಹಿಡಿ ಕಾಯಿಯೂ ಹುಟ್ಟಲಿಲ್ಲ. ಮುಂದಿನ ಆಟದಲ್ಲಿ ನನಗೆ ಏನೂ ಬರಲಿಲ್ಲ. ಪೊಲೀಸಪ್ಪ “ತ್ಚು ತ್ಚು” ಎಂದು ಲೊಚಗುಟ್ಟಿದ. ಇಬ್ಬರೂ ಖುಷಿಯಾಗಿ ಎರಡೆರಡು ಕಾಯಿ ಹಾಕಿದರು.

“ಸಾರ್, ಸ್ವಲ್ಪ ಆ ಕಡೆ ನಿಂತ್ಕೊಳ್ಳಿ. ತನಿಖೆ ಎಲ್ಲ ಕಡೆಯಿಂದಲೂ ಆಗ್ಬೇಕಲ್ವಾ?” ಅಂದೆ. ನ್ಯಾಯವಾಗಿ ಕಂಡಿತೇನೋ, ಹೋಗಿ ಸಾಬರ ಹಿಂದೆ ನಿಂತ.

ಈ ಸಲ ನನಗೆ ಒಂದೇ ಕಲರು, ಮೇಲೆ ಎಕ್ಕ. ಹೋಟೆಲಿನವರು ಬಿಸಾಡಿದರು, ಸಾಬರು ಎರಡು ಹಾಕಿದರು. ನಾನು ಪೊಲೀಸಪ್ಪನ ಮುಖ ನೋಡಿದೆ. ಆಹಾ! ಮುಖ ಅರಳಿದೆ, ಮೀಸೆ ಮೇಲೆದ್ದಿದೆ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸಾಬರಿಗೆ ಏನೋ ಭಾರಿಯದೇ ಬಿದ್ದಿದೆ. ಕೊರಟಗೆರೆ ಅಜ್ಜಿಯನ್ನು ನೆನೆದು, ಜೀವನದಲ್ಲಿ ಮೊದಲ ಸಲ ಒಳ್ಳೆ ಎಲೆ ಬಿಸಾಡಿದೆ. ಎಂಥ ಹೆಮ್ಮೆ! ವಿದ್ಯೆ ಬಂತು ಅಂದುಕೊಂಡೆ.

ಸಾಬರು ನಗುತ್ತಾ ಎಲೆ ಮಗುಚಿದರು. ಎರಡು, ಐದು, ಒಂಬತ್ತು. ಜೋಡಿ ಕೂಡ ಇಲ್ಲ.

“ಅರೆ ಡಾಕ್ಟರ್ ಸಾಬ್, ಇದಕ್ಕೆ ಹೆದ್ರಿ ಓಡ್ಬಿಟ್ರಾ?”

ನಾನು ಪೊಲೀಸಪ್ಪನ ಮೇಲೆ ಹರಿಹಾಯ್ದೆ. “ಮತ್ತೆ ನೀವ್ಯಾಕ್ ಸಾರ್ ಅಷ್ಟು ಖುಷಿ ಪಟ್ರಿ?”

“ನಾನು ಎಲೆ ಎಲ್ರೀ ನೋಡ್ದೆ?” ಅಂದ ಆತ, ನನ್ನ ಬೆನ್ನ ಹಿಂದಿನ ಬಾಗಿಲಿಗೆ ಕೈ ತೋರಿಸುತ್ತಾ. “ಒಬ್ಬಟ್ಟು ತರ್ತಾ ಇದ್ರು.”

ಇನ್ನೊಂದು ಸಂಬಂಧ

ಶಿರಾದಲ್ಲಿದ್ದಾಗ ವಾರಕ್ಕೊಮ್ಮೆ ಮಧುಗಿರಿಗೆ ಬರುತ್ತಿದ್ದೆ. ಹೆಂಡತಿಗೆ ಈ ಕಥೆ ಹೇಳಿದರೆ ಆಕೆ ನಕ್ಕು, “ಬನ್ನಿ, ನನ್ ಜೊತೆ ಆಡಿ” ಅಂತ ಎಲೆ ಕಲೆಸಿದಳು. ಆಕೆಯ ತವರಿನಲ್ಲಿ ಹೆಂಗಸರೆಲ್ಲ ಆಡುತ್ತಾರೆ ಅನ್ನುವುದು ನನಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ತಿಳಿಯಿತು.

ಆಡಿದೆವು. ನನಗೆ ಒಳ್ಳೆ ಎಲೆ ಬಂದಾಗಲೆಲ್ಲ ಆಕೆ ಬಿಸಾಡುವಳು, ಕೆಟ್ಟ ಎಲೆ ಬಂದಾಗಲೆಲ್ಲ ಕೂತು ಗೆಲ್ಲುವಳು. ಬೆನ್ನ ಹಿಂದೆ ಕನ್ನಡಿ ಇದೆಯೇನೋ ಅಂತ ತಿರುಗಿ ನೋಡಿದೆ. ಗೋಡೆ.

“ಹೆಂಗೆ ಗೊತ್ತಾಗ್ತದೆ ನಿಂಗೆ?”

“ಒಳ್ಳೆ ಎಲೆ ಬಂದ್ರೆ ಪಂಚೆ ಸರಿ ಮಾಡ್ಕೊತೀರ.”

ಮುಂದಿನ ಆಟಕ್ಕೆ ಕೆಟ್ಟ ಎಲೆ ಬಂತು. ಬೇಕೆಂದೇ ಪಂಚೆ ಸರಿ ಮಾಡಿಕೊಂಡೆ. ಆಕೆ ಎರಡು ಕಾಯಿ ಹಾಕಿ, “ಸುಳ್ಳು ಪಂಚೆ. ನಿಜ್ವಾದ್ ಪಂಚೆಗೆ ಉಸ್ರು ಬಿಗಿ ಹಿಡೀತೀರ” ಅಂದಳು.

ನನಗೆ ರೇಗಿತು. “ಅಲ್ಲಾ ಕಣೇ, ಬಿಸಾಡು ಬಿಸಾಡು ಅಂತ ಎಲ್ಲಾರೂ ಹೇಳ್ತೀರ. ನೀನು ಯಾವತ್ತಾದ್ರೂ ನಿಜವಾಗ್ಲೂ ಒಳ್ಳೇದು ಕೈಲಿದ್ದಾಗ ಬಿಸಾಡಿದ್ದೀಯಾ?”

ಆಕೆ ಎಲೆ ಜೋಡಿಸುತ್ತಾ ಸಲೀಸಾಗಿ ಹೇಳಿದಳು. “ನಿಮ್ ಸಂಬಂಧ ಬಂದ ವಾರ್ದಲ್ಲೇ ಇನ್ನೊಂದ್ ಬಂದಿತ್ತು. ಇಂಜಿನಿಯರು.”

ಸಾಹೇಬರ ಭಾನುವಾರ

ಕಡೆಯದು ಪಾವಗಡ. ಅಲ್ಲಿ ನಮ್ಮ ಸಾಹೇಬರು ಬಹಳ ಒಳ್ಳೆ ಮನುಷ್ಯ. ಹಾಗಂತ ಸೋಮವಾರದಿಂದ ಶನಿವಾರದವರೆಗೆ ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಬಹುದು. ಭಾನುವಾರ ಮಾತ್ರ ಅವರ ಕ್ವಾರ್ಟರ್ಸಿನಲ್ಲಿ ಮೂರೆಲೆ. ಕರೆದರೆ ಹೋಗಲೇಬೇಕು.

ನನಗೆ ಮಧುಗಿರಿಗೆ ವರ್ಗವಾಗಿ ಆರ್ಡರು ಬಂದಿತ್ತು. ಆರ್ಡರು ಬಂದರೆ ಸಾಲದು, ಸಾಹೇಬರು ಸೈನು ಹಾಕಿ ರಿಲೀವ್ ಮಾಡಬೇಕು. ಬೇರೆ ಜನ ಬರಲಿ ಅಂತ ಅವರು ಎಳೆಯುತ್ತಿದ್ದರು. ವಾರವೆಲ್ಲ ಪಾವಗಡದ ಬಿಸಿಲು, ಒಂಟಿ ರೂಮು. ಇದ್ದ ಒಂದು ಭಾನುವಾರವೂ ಆಟಕ್ಕೆ ಹೋಯಿತು. ಮಗಳು ಫೋನಿನಲ್ಲಿ “ಅಪ್ಪಾ, ಈ ವಾರಾನೂ ಬರಲ್ವಾ?” ಅಂದರೆ ನನಗೆ ನಿಜವಾಗಲೂ ಅಳು ಬರುತ್ತಿತ್ತು.

ಆಸ್ಪತ್ರೆಯ ಹಳೇ ಅಟೆಂಡರು ತೆಲುಗು ಬೆರೆಸಿ ಕಿವಿಯಲ್ಲಿ ಹೇಳಿದ. “ಸಾರ್, ಸಾಹೇಬ್ರಿಗೆ ಸೋತ್ರೆ ಸಿಟ್ಟು. ಗೆದ್ರೆ ಏನ್ ಕೇಳಿದ್ರೂ ಕೊಡ್ತಾರೆ. ಎಂತ ಎಲೆ ಬಂದ್ರೂ ಪಾರೇಯಂಡಿ ಸಾರ್, ಬಿಸಾಕಿ. ಊರು ಸೇರ್ಕೊಂತೀರ.”

ಹಾಗೇ ಮಾಡಿದೆ. ಸಾಲು ಬಿಸಾಡಿದೆ, ಕಲರು ಬಿಸಾಡಿದೆ. ಒಂದು ಭಾನುವಾರ ಮೂರು ರಾಜರು ಬಂದರು. ಸಾಹೇಬರು ಜೋಡಿ ಇಟ್ಟುಕೊಂಡು ಕುಣಿಯುತ್ತಿದ್ದಾರೆ ಅಂತ ನನಗೆ ಗೊತ್ತು. ಮೂವರು ರಾಜರೂ ನನ್ನನ್ನೇ ನೋಡುತ್ತಿದ್ದರು. “ಕ್ಷಮಿಸ್ರಪ್ಪಾ” ಅಂತ ಮನಸ್ಸಿನಲ್ಲೇ ಹೇಳಿ ಬಿಸಾಡಿದೆ. ಸಂಕಟಕ್ಕೆ ಊಟ ಸೇರಲಿಲ್ಲ.

ಸಾಹೇಬರು ಗೆದ್ದರು, ಗೆಲ್ಲುತ್ತಲೇ ಹೋದರು, ಹಿಗ್ಗಿ ಹೀರೇಕಾಯಿಯಾದರು. ಒಳ್ಳೆ ಗಳಿಗೆ ನೋಡಿ, “ಸಾರ್, ನನ್ನ ರಿಲೀವಿಂಗು...” ಅಂದೆ.

“ಏನ್ರೀ ಹಂಗಂದ್ರೆ? ನಿಮ್ಮಂಥೋರು ನನಗೆ ಎಲ್ ಸಿಗ್ತಾರ್ರೀ? ಹಿಂದೆ ಒಬ್ಬ ಇದ್ದ. ಎಲೆ ಬಿಸಾಡ್ತಾನೇ ಇರ್ಲಿಲ್ಲ, ಬರೀ ಗೆಲ್ತಿದ್ದ. ಒಂದೇ ವಾರಕ್ಕೆ ರಿಲೀವ್ ಮಾಡಿ ಕಳಿಸ್ದೆ!”

ನಾನು ಬಾಗಿಲ ಬಳಿ ನಿಂತಿದ್ದ ಅಟೆಂಡರನ್ನು ನೋಡಿದೆ. ಆತ ಮೇಲೆ ಫ್ಯಾನು ನೋಡುತ್ತಿದ್ದ.

ಸರಿ, ಮುಂದಿನ ಭಾನುವಾರ ಏನೇ ಬಂದರೂ ಬಿಸಾಡುವುದಿಲ್ಲ ಅಂತ ಕೂತೆ. ಬಂದದ್ದೆಲ್ಲ ಕಸ. ಆದರೆ ಸಾಹೇಬರ ಲೆಕ್ಕ ಬೇರೆ. ಇಷ್ಟು ದಿನ ಎಲ್ಲವನ್ನೂ ಬಿಸಾಡಿದ ಮನುಷ್ಯ ಇವತ್ತು ಕೂತಿದ್ದಾನೆ ಅಂದರೆ ಕೈಯಲ್ಲಿ ಬ್ರಹ್ಮಾಂಡವೇ ಇರಬೇಕು! ನಾನು ಎರಡು ಕಾಯಿ ಹಾಕಿದರೆ ಅವರು ಬಿಸಾಡುವರು. ಸಾಲು ಬಿಸಾಡಿದರು, ಮೂರು ರಾಣಿಯರನ್ನು ಬಿಸಾಡಿದರು. ಎರಡು ನಾಲ್ಕು ಏಳು ಇಟ್ಟುಕೊಂಡು ಚೀಲ ತುಂಬ ಕಡಲೆಕಾಯಿ ಗೆದ್ದೆ. ಕೊನೆಗೆ ನನ್ನ ಎಲೆ ತೋರಿಸಿದಾಗ ಅವರ ಮುಖ ಕೆಂಪಗಾಯಿತು. ಗೆದ್ದೆ, ನಾಳೆ ರಿಲೀವ್ ಅಂದುಕೊಂಡೆ.

ಸಾಹೇಬರು ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. “ಎಂಥಾ ಆಟಗಾರ್ರೀ ನೀವು! ಇದನ್ನ ನನಗೆ ಕಲಿಸ್ದೆ ಹೆಂಗ್ ಹೋಗ್ತೀರಾ?”

ಸೋತರೂ ಇಲ್ಲೇ, ಗೆದ್ದರೂ ಇಲ್ಲೇ. ಆ ರಾತ್ರಿ ಫೋನಿನಲ್ಲಿ ಹೆಂಡತಿಗೆ ಹೇಳಿಕೊಂಡೆ. ಆಕೆ, “ಬರೋ ಭಾನುವಾರ ನಾನೇ ಬತ್ತೀನಿ ಇರಿ” ಅಂದಳು.

ಬಂದಳು. ಬಂದವಳು ಸಾಹೇಬರ ಪಡಸಾಲೆಯಲ್ಲಿ ಕೂರದೆ ನೇರ ಅಡಿಗೆ ಮನೆಗೆ ಹೋದಳು. ಸಾಹೇಬರ ಹೆಂಡತಿ ಅಮ್ಮಾವರು, ಅನಂತಪುರದ ಕಡೆಯ ತೆಲುಗಿನವರು, ಪ್ರತಿ ಭಾನುವಾರ ನಮಗೆಲ್ಲ ಕಾಫಿ ಮಾಡಿ ಕೊಟ್ಟು ಕೊಟ್ಟು ಸುಸ್ತಾದವರು. ಇಬ್ಬರೂ ಮಧ್ಯಾಹ್ನದವರೆಗೆ ಅಲ್ಲೇ ಏನೋ ಗುಸುಗುಸು. ಆಮೇಲೆ ನನ್ನ ಹೆಂಡತಿ ಹೊರಗೆ ಬಂದು, “ಸಾರ್, ನಮ್ಮನ್ನೂ ಸೇರಿಸ್ಕೊಳ್ಳಿ, ಅಮ್ಮಾವ್ರೂ ಕೂರ್ತಾರೆ” ಅಂದಳು.

“ಇವಳಿಗೇನ್ ಬರ್ತದೆ?” ಅಂತ ಸಾಹೇಬರು ನಕ್ಕರು.

“ಒಂದೇ ಆಟ ಸಾರ್. ಕಡಲೆಕಾಯಿ ಇದ್ದಿದ್ದೇ. ಗೆದ್ದೋರು ಏನ್ ಹೇಳ್ತಾರೋ ಮಿಕ್ಕೋರು ಒಪ್ಕೋಬೇಕು, ಅಷ್ಟೇ.”

“ಆಯ್ತಮ್ಮ! ನಾನ್ ಗೆದ್ರೆ ನಿಮ್ ಯಜಮಾನ್ರು ರಿಟೈರ್ ಆಗೋವರ್ಗೂ ಪಾವಗಡ. ಒಪ್ಪಿಗೇನಾ?”

“ಒಪ್ಪಿಗೆ” ಅಂದಳು ನನ್ನ ಹೆಂಡತಿ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಎಲೆ ಹಂಚಿದರು. ನನ್ನದು ಕಸ, ಮೊದಲೇ ಬಿಸಾಡಿದೆ. ಸಾಹೇಬರು ಎರಡು ಹಾಕಿದರು. ಅಮ್ಮಾವರು ಒಂದು ಕೈಯಲ್ಲಿ ಸೌಟು ಹಿಡಿದು, ಇನ್ನೊಂದು ಕೈಯಲ್ಲಿ ಎಲೆ ಎತ್ತಿ ನೋಡಿದರು. ಎಲೆಯನ್ನು ಮಗುಚಿಟ್ಟು, ಒಳಗೆ ಹೋದರು, ಬಂದರು. ಸೌಟು ಇರಲಿಲ್ಲ. ಸೆರಗು ಸಿಕ್ಕಿಸಿ, ಚಕ್ಕಳಮಕ್ಕಳ ಹಾಕಿ ಕೂತು ಎರಡು ಕಾಯಿ ಹಾಕಿದರು. ನನ್ನ ಹೆಂಡತಿಯೂ ಹಾಕಿದಳು. ಒಂದು ಸುತ್ತು, ಇನ್ನೊಂದು ಸುತ್ತು. ಆಮೇಲೆ ನನ್ನ ಹೆಂಡತಿ ಅಮ್ಮಾವರನ್ನು ಒಂದು ಸಲ ನೋಡಿ, ಮೂರೂ ಎಲೆ ಬಿಸಾಡಿಬಿಟ್ಟಳು.

ಬಿಸಾಡಿದ ಎಲೆ ನೋಡುವುದು ತಪ್ಪು. ಆದರೆ ನನ್ನ ಬದುಕಿನ ಪ್ರಶ್ನೆ, ಮೆಲ್ಲಗೆ ಮೂಲೆ ಎತ್ತಿ ನೋಡಿದೆ. ಎಕ್ಕ, ಎಕ್ಕ, ಎಕ್ಕ!

“ಏನೇ ಮಾಡ್ಬುಟ್ಟೆ! ಗೆದ್ದಿದ್ದೆಯಲ್ಲೇ!” ಅಂತ ಪಿಸುಗುಟ್ಟಿದೆ.

“ಸುಮ್ಕಿರಿ. ಅಮ್ಮಾವ್ರು ಎಲೆ ನೋಡಿ ಹೋಗಿ ಒಲೆ ಆರಿಸಿ ಬಂದವ್ರೆ. ಒಲೆ ಆರಿಸಿ ಬಂದ ಹೆಂಗ್ಸು ಸೋಲೋ ಎಲೆ ಹಿಡ್ದಿರಲ್ಲ. ನಾನ್ ಗೆದ್ರೆ ಸಾಹೇಬ್ರು ನಾಳೆಗೆ ಮರೀತಾರೆ. ಅಮ್ಮಾವ್ರು ಗೆದ್ರೆ ಮರ್ಯಾಕಾಯ್ತದಾ?”

ಉಳಿದವರು ಗಂಡ ಹೆಂಡತಿ. ಸಾಹೇಬರು ಹಾಕಿದರು, ಅಮ್ಮಾವರು ಹಾಕಿದರು. ಸಾಹೇಬರ ಹಣೆ ಬೆವರಿತು. ನನ್ನ ಅಂಗಿಯೇ ಬೆವರಿತ್ತು. “ತೋರ್ಸು” ಅಂತ ಅವರು ತಮ್ಮ ಎಲೆ ಇಳಿಸಿದರು. ಮೂರೂ ಒಂದೇ ಕಲರು, ಮೇಲೆ ರಾಜ.

ಅಮ್ಮಾವರು ಒಂದೊಂದೇ ಇಟ್ಟರು. ನಾಲ್ಕು. ಐದು. ಆರು.

“ಇದು ಸಾಲು ತಾನೇ?”

ಸಾಹೇಬರು ಕಾಯಿ ಗುಡ್ಡೆಯನ್ನು ಆಕೆಯ ಕಡೆ ತಳ್ಳಿ, “ಸರಿ, ಕೇಳು. ಸೀರೇನಾ?” ಅಂದರು.

“ಸೀರೆ ನಾನೇ ತಗೊಂತೀನಿ. ಈ ಡಾಕ್ಟ್ರನ್ನ ಕಳ್ಸಿ. ಪಾಪಂ, ಮಗು ಕಾಯ್ತಾ ಉಂದಿ.”

ಸಾಹೇಬರು ಎದ್ದು ಹೋಗಿ ಸೈನು ಹಾಕಿ ತಂದರು. ಕಾಗದವನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡೆ. ಪಾಪ, ಅವರು ಮಾತ್ರ ಇಳಿದುಹೋಗಿದ್ದರು. ಗೋಡೆಗೆ ಒರಗಿ ಕೂತು, “ಇನ್ಮೇಲೆ ಭಾನುವಾರ ನನ್ ಜೊತೆ ಯಾರ್ ಆಡ್ತಾರೆ?” ಅಂದರು.

“ನಾನಿಲ್ವಾ?” ಅಂದರು ಅಮ್ಮಾವರು, ಇಸ್ಪೀಟಿನ ಕಟ್ಟು ಕೈಗೆತ್ತಿಕೊಂಡು ಟಪಟಪನೆ ಕಲೆಸುತ್ತಾ. “ಏಮಂಡಿ, ಒಲೆ ಆರಿಸ್ಬಿಟ್ಟಿದ್ದೀನಿ. ನೀವ್ ಹೋಗಿ ಹಚ್ಚಿ, ಎಲ್ಲಾರ್ಗೂ ಕಾಫಿ ತನ್ನಿ.”